ಕುಲುಮೆಗೆ ಹಾಕಿದ ಒಗ್ಗರಣೆ

ಸಣ್ಣಬೀರಪ್ಪ ಭಾಷಣ ಚೆನ್ನಾಗಿ ಮಾಡುತ್ತಿದ್ದ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಇದು ಅವನು ಬಾಯಿ ಮುಚ್ಚಿಕೊಂಡು ಕೂತ ಹನ್ನೊಂದು ತಿಂಗಳ ಕತೆ.

ಹುಟ್ಟಿದ್ದು ಅಜ್ಜಂಪುರದ ಪಕ್ಕದ ಹಳ್ಳಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಕುರಿಗಳ ಹಿಂದೆ ಅಲೆಯುವುದು ಬೇಡವೆನಿಸಿ ಹದಿನೆಂಟನೇ ವಯಸ್ಸಿಗೆ ಅಜ್ಜಂಪುರದ ಕಮ್ಮಾರ ಕರಿಯಣ್ಣನ ಕುಲುಮೆಯಲ್ಲಿ ತಿದಿ ಒತ್ತಲು ನಿಂತ. ಕಾದ ಕಬ್ಬಿಣದ ಬಣ್ಣ ನೋಡಿ ಶಾಖ ಹೇಳುವ ವಿದ್ಯೆ ಅವನಿಗೆ ಅಲ್ಲಿ ಹತ್ತಿತು. ಚಳವಳಿಯ ಹುಚ್ಚು ಹತ್ತಿದ್ದೂ ಅಲ್ಲೇ. ಎಪ್ಪತ್ತರ ದಶಕದ ನಡುವೆ ಸರ್ಕಾರ ರೈತರಿಂದ ಕಡ್ಡಾಯವಾಗಿ ಎತ್ತುತ್ತಿದ್ದ ಲೆವಿ ಧಾನ್ಯದ ಗಲಾಟೆ ಎದ್ದಾಗ ಅಮಲ್ದಾರರ ಜೀಪಿಗೆ ಅಡ್ಡಲಾಗಿ ಮಲಗಿ, ತರೀಕೆರೆಯ ಲಾಕಪ್ಪಿನಲ್ಲಿ ಎರಡು ದಿನ ಕೂತು ಬಂದ. ಬಂದಮೇಲೆ ಜನ ಅವನ ಮಾತಿಗೆ ಕಿವಿ ಕೊಡತೊಡಗಿದರು. ಲಾಕಪ್ಪು ಕಂಡು ಬಂದವನಿಗೆ ಆ ಕಾಲದಲ್ಲಿ ಅಷ್ಟು ಮರ್ಯಾದೆಯಿತ್ತು.

ಎಪ್ಪತ್ತೊಂಬತ್ತರಲ್ಲಿ ಶಿವಮೂರ್ತಪ್ಪ ಎಂಬವರು ಕಡೂರಿನಿಂದ ಬೀರೂರಿಗೆ ಹೋಗುವ ರಸ್ತೆಯ ಪಕ್ಕ ತಗಡಿನ ಶೆಡ್ಡು ಹಾಕಿ, ಪಂಪ್‌ಸೆಟ್ಟಿನ ತಿರುಗುವ ದಂಡಕ್ಕೆ ತೊಡಿಸುವ ಬಳೆ, ಅಂದರೆ ಬುಷ್ ಮಾಡುವ ಕಾರ್ಖಾನೆ ತೆರೆದರು. ಕರಗಿಸಿ ಎರಕ ಹೊಯ್ಯುವ ಕೆಲಸವಲ್ಲ ಅದು. ಕಬ್ಬಿಣದ ಪುಡಿಗೆ ಒಂದಿಷ್ಟು ತಾಮ್ರದ ಪುಡಿ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಕರಗುವುದಕ್ಕೆ ಮುಂಚಿನ ಶಾಖದಲ್ಲಿ ಬೇಯಿಸಬೇಕು. ಬೆಂದಾಗ ಕಾಳಿಗೆ ಕಾಳು ಅಂಟಿ ಗಟ್ಟಿ ಲೋಹವಾಗುತ್ತದೆ. ಕಡೂರಿನ ಹೋಟೆಲುಗಳಲ್ಲಿ ಅದಕ್ಕೆ ‘ಕಬ್ಬಿಣದ ಇಡ್ಲಿ ಫ್ಯಾಕ್ಟ್ರಿ’ ಎಂದೇ ಹೆಸರು. ಬಣ್ಣ ನೋಡಿ ಶಾಖ ಹೇಳುವವನು ಸಿಕ್ಕಿದನೆಂದು ಶಿವಮೂರ್ತಪ್ಪ ಸಣ್ಣಬೀರಪ್ಪನನ್ನು ಕುಲುಮೆಗೆ ಹಾಕಿಕೊಂಡರು. ಅವನು ದಿನಾ ಬೆಳಗಿನ ಪ್ಯಾಸೆಂಜರ್ ರೈಲಿಗೆ ಅಜ್ಜಂಪುರದಿಂದ ಬಂದು ಸಂಜೆಯ ಪ್ಯಾಸೆಂಜರಿಗೆ ಹಿಂತಿರುಗುತ್ತಿದ್ದ. ಮೂರು ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ಸಂಘ ಕಟ್ಟಿ, ಮೂವತ್ತನಾಲ್ಕು ಜನರಿಗೆ ತಾನೇ ಕಾರ್ಯದರ್ಶಿಯಾದ.

ಆ ಶೆಡ್ಡಿನಲ್ಲಿ ಒಂದು ರೂಢಿಯಿತ್ತು. ಕರೆಂಟು ಹೋಗುವುದು ದಿನದ ಮಾತು. ಹೋದಾಗ ಕುಲುಮೆ ತಣ್ಣಗಾಗುತ್ತದೆ, ಬೇಯಬೇಕಾದ ಹೊತ್ತು ಹಾಳಾಗುತ್ತದೆ. ಕರೆಂಟು ಬಂದ ಮೇಲೆ ಮತ್ತೆ ಮೊದಲಿನಿಂದ ಕಾಯಿಸುತ್ತ ಕೂರುವವರು ಯಾರು? ಹೇಳಿದ್ದಕ್ಕಿಂತ ಐವತ್ತೋ ನೂರೋ ಡಿಗ್ರಿ ಮೇಲೆ ಏರಿಸಿ, ಒಂದು ಗಂಟೆಯ ಬೇಯುವಿಕೆಯನ್ನು ಇಪ್ಪತ್ತು ನಿಮಿಷಕ್ಕೆ ಮುಗಿಸಿಬಿಡುತ್ತಿದ್ದರು. ಅದಕ್ಕೆ ‘ಒಗ್ಗರಣೆ ಹಾಕೋದು’ ಎನ್ನುತ್ತಿದ್ದರು. ರಿಜಿಸ್ಟರಿನಲ್ಲಿ ಮಾತ್ರ ಹೇಳಿದ ಶಾಖ, ಹೇಳಿದ ಹೊತ್ತನ್ನೇ ಬರೆಯುವುದು. ಕಬ್ಬಿಣದ ಬುಷ್ಷು ಇದನ್ನೆಲ್ಲ ತಡೆದುಕೊಂಡಿತು. ಒಂದು ಬುಷ್ಷೂ ದೂರು ಹೊತ್ತು ವಾಪಸ್ಸು ಬರಲಿಲ್ಲ. ಹಾಗಾಗಿ ಇದು ಮೋಸ ಎಂದು ಯಾರಿಗೂ ಅನಿಸಲಿಲ್ಲ, ಸಣ್ಣಬೀರಪ್ಪನಿಗಂತೂ ಅನಿಸಲೇ ಇಲ್ಲ.

ಎಂಬತ್ತನಾಲ್ಕರಲ್ಲಿ ಪಂಚಾಕ್ಷರಪ್ಪ ಬಂದ. ಅಜ್ಜಂಪುರದ ಕಾಳು ವ್ಯಾಪಾರದವರ ಮನೆಯ ಹುಡುಗ, ಬೆಂಗಳೂರಿನಲ್ಲಿ ಲೋಹಶಾಸ್ತ್ರ ಓದಿ ಸಂಶೋಧನೆಗೆ ನಿಂತಿದ್ದವನು. ಶಿವಮೂರ್ತಪ್ಪ ಹರಾಜಿನಲ್ಲಿ ಕೊಂಡು ಮೂಲೆಗೆ ತಳ್ಳಿದ್ದ ಒಂದು ಹಳೆಯ ಕುಲುಮೆಯ ಮೇಲೆ ಅವನ ಕಣ್ಣಿತ್ತು. ಪಂಪಿನಿಂದ ಗಾಳಿ ಹೀರಿ ತೆಗೆದು, ಮೇಲಿಂದ ಒತ್ತುತ್ತಲೇ ಬೇಯಿಸುವ ಕುಲುಮೆ. ಅದರಲ್ಲಿ ಅವನು ಬೇಯಿಸಬೇಕೆಂದಿದ್ದು ಟೈಟೇನಿಯಂ ಪುಡಿ. ಕಬ್ಬಿಣಕ್ಕಿಂತ ಹಗುರ, ಉಕ್ಕಿನಂತೆ ಗಟ್ಟಿ, ವಿಮಾನಗಳಿಗೆ ಬೇಕಾದ ಲೋಹ. ಅದನ್ನು ಇನ್ನೂ ಬಿಗಿ ಮಾಡಲು ಸಾಣೆಕಲ್ಲಿನ ಪುಡಿ ಬೆರೆಸಿ ನೋಡುವುದು ಅವನ ಕೆಲಸ. ಬೆಂಗಳೂರಿನ ಪ್ರಯೋಗಾಲಯವೊಂದು ಪುಡಿ ಕೊಟ್ಟಿತ್ತು. ಕೆಲಸ ಕೈಗೂಡಿದರೆ ಮುಂದೆ ಇನ್ನಷ್ಟು ಕೆಲಸ ಇದೇ ಶೆಡ್ಡಿಗೆ ಬರುವುದಿತ್ತು.

"ಬೀರಪ್ಪ, ಸರಿಯಾಗಿ ಕೇಳಿಸ್ಕೊಳಿ," ಎಂದ ಪಂಚಾಕ್ಷರಪ್ಪ ಮೊದಲ ದಿನ. "ಶಾಖ ಕಮ್ಮಿ ಆದ್ರೆ ಪುಡಿ ಪುಡಿಯಾಗೇ ಉಳಿಯುತ್ತೆ, ಒಳಗೆಲ್ಲ ತೂತು. ಜಾಸ್ತಿ ಆದ್ರೆ ಟೈಟೇನಿಯಂ ಸಾಣೆ ಪುಡೀನ ತಿನ್ನೋಕೆ ಶುರು ಮಾಡುತ್ತೆ. ತಿಂದ ಕಡೆ ಗಾಜಿನ ಥರ ಒಂದು ಪದರ ಕಟ್ಟುತ್ತೆ. ಒಡೆಯೋದು ಅಲ್ಲಿಂದ್ಲೇ. ಇವೆರಡರ ನಡುವೆ ಹದ ಎಲ್ಲಿದೆ ಅಂತ ಹುಡುಕ್ಬೇಕು."

"ಮುದ್ದೆ ಹದ ಇದ್ದಂಗೆ ಅನ್ನಿ."

"ಮುದ್ದೆ ಕೆಟ್ರೆ ಇನ್ನೊಂದ್ಸಲ ತೊಳಸ್ಬೋದು. ಇದು ಕೆಟ್ರೆ ಹೋಯ್ತು. ಐದು ಸಲಕ್ಕಾಗೋವಷ್ಟೇ ಪುಡಿ ಇರೋದು. ಎಂಟುನೂರು, ಎಂಟುನೂರೈವತ್ತು, ಒಂಬೈನೂರು, ಒಂಬೈನೂರೈವತ್ತು, ಸಾವಿರ. ಒಂದೊಂದಕ್ಕೂ ಒಂದೊಂದು ಬಿಲ್ಲೆ, ಒಂದೊಂದು ಗಂಟೆ. ನನ್ನ ಲೆಕ್ಕದಲ್ಲಿ ಒಂಬೈನೂರರದ್ದೇ ಗಟ್ಟಿ ಆಗ್ಬೇಕು."

ಪುಡಿ ಬೆರೆಸುವುದು ಅಂಬಮ್ಮನ ಪಾಲಿನ ಕೆಲಸ. ಅಮೃತಾಪುರದಿಂದ ಕಡೂರಿಗೆ ಮದುವೆಯಾಗಿ ಬಂದ ಹೆಂಗಸು. ಗಂಡ ಮಂಜಪ್ಪ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ. ಅಕ್ಷರ ಬಾರದು, ಬಾಯಿಗೆ ಮಾತ್ರ ಬಿಡುವಿರಲಿಲ್ಲ. ಒಂದೊಂದು ಸಲದ ಪುಡಿಯನ್ನೂ ಪೀಪಾಯಿಗೆ ಹಾಕಿ ಎಂಟು ಗಂಟೆ ಉರುಳಿಸಬೇಕಿತ್ತು. ಮೂರನೆಯದು, ಅಂದರೆ ಒಂಬೈನೂರರದ್ದು, ಉರುಳುತ್ತಿದ್ದಾಗ ಕರೆಂಟು ಹೋಯಿತು. ಸಣ್ಣಬೀರಪ್ಪ ಅತ್ತ ಹೋಗಿ ನೋಡಿದರೆ ಅಂಬಮ್ಮ ಮೋಟಾರಿನ ಬೆಲ್ಟು ಕಳಚಿ, ಪೀಪಾಯಿಯ ಹಿಡಿ ಹಿಡಿದು ಕೈಯಲ್ಲೇ ತಿರುಗಿಸುತ್ತಿದ್ದಾಳೆ.

"ಏನಂಬಕ್ಕ, ರಾಗಿ ಬೀಸ್ತಾ ಇದ್ದೀಯಾ?"

"ರಾಗಿ ಆಗಿದ್ರೆ ಸಂಜೀಕೆ ಹಿಟ್ಟಾದ್ರೂ ಆಗೋದು. ಇದನ್ನ ತಿಂದೋನು ನೇರ ಕೈಲಾಸಕ್ಕೇಯ."

"ಬಿಡಕ್ಕ, ಕರೆಂಟ್ ಬರ್ಲಿ."

"ಎಂಟು ಗಂಟೆ ಅಂದವ್ರೆ ಎಂಜಿನಿಯರಪ್ಪ. ನಡುವೆ ನಿಲ್ಸಿದ್ರೆ ಭಾರದ್ದೆಲ್ಲ ಒಂದ್ ಕಡೆ ಕೂರ್ತದಂತೆ. ನೀನು ಭಾಷಣ ಮಾಡೋಗಣ್ಣ, ನಾನು ತಿರುಗಿಸ್ತೀನಿ."

ಮೂರು ಗಂಟೆ ತಿರುಗಿಸಿದಳು. ಕೈ ಬೊಬ್ಬೆ ಬಂದು, ಸೆರಗು ಸುತ್ತಿಕೊಂಡು ಮತ್ತೆ ತಿರುಗಿಸಿದಳು. ಅತ್ತ ಹೋಗಿಬರುವಾಗೆಲ್ಲ ಅವನು ಅದನ್ನು ಕಣ್ಣಾರೆ ನೋಡಿದ್ದ.

ಮಾರನೆಯ ದಿನ ಅದೇ ಪುಡಿ ಕುಲುಮೆ ಸೇರಿತು. ಶಾಖ ಒಂಬೈನೂರು ಮುಟ್ಟಿ ಹತ್ತು ನಿಮಿಷವಾಗಿರಬೇಕು, ಕರೆಂಟು ಹೋಯಿತು. ಸಣ್ಣಬೀರಪ್ಪ ಓಡಿಹೋಗಿ ವಾಲ್ವು ಬಿಗಿದು, ಗಾಳಿ ಒಳಗೆ ನುಗ್ಗದಂತೆ ನೋಡಿಕೊಂಡ. ಅಷ್ಟರ ಮಟ್ಟಿಗೆ ಅವನು ಒಳ್ಳೆಯ ಕೆಲಸಗಾರನೇ. ಪಂಚಾಕ್ಷರಪ್ಪ ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಲು ಬೀರೂರಿಗೆ ಹೋಗಿದ್ದ. ಕರೆಂಟು ಬಂದಾಗ ನಾಲ್ಕೂವರೆ. ಕುಲುಮೆ ಅರ್ಧಕ್ಕರ್ಧ ಆರಿತ್ತು. ಅದು ಮತ್ತೆ ಒಂಬೈನೂರಕ್ಕೆ ಏರಿ ಒಂದು ಗಂಟೆ ನಿಂತರೆ ಸಂಜೆಯ ಪ್ಯಾಸೆಂಜರು ತಪ್ಪುತ್ತಿತ್ತು. ಏಳು ಗಂಟೆಗೆ ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಿ ರೈತರ, ಕಾರ್ಮಿಕರ ಕೂಡು ಸಭೆ. ಮುಖ್ಯ ಭಾಷಣಕಾರ ಅವನೇ.

ಗುಂಡಿ ತಿರುಗಿಸಿ ಸಾವಿರಕ್ಕೆ ಏರಿಸಿದ. ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದ. ದಾಸವಾಳದ ಕೆಂಪು ತಿಳಿಯಾಗುತ್ತ ಬಂದು ಕಿತ್ತಳೆಗೆ ತಿರುಗಿತು. ಇಪ್ಪತ್ತು ನಿಮಿಷ ಬಿಟ್ಟು ಆರಿಸಿದ. ರಿಜಿಸ್ಟರಿನಲ್ಲಿ ಒಂಬೈನೂರು, ಒಂದು ಗಂಟೆ ಎಂದು ದುಂಡಗೆ ಬರೆದು ಸಹಿ ಹಾಕಿ ಸ್ಟೇಷನ್ನಿಗೆ ಓಡಿದ. ಆ ಸಂಜೆ ಅವನು ಮಾತಾಡಿದ್ದು ದುಡಿಮೆಗೆ ತಕ್ಕ ಮರ್ಯಾದೆಯ ಮೇಲೆ. ಜನ ಶಿಳ್ಳೆ ಹಾಕಿ ಚಪ್ಪಾಳೆ ತಟ್ಟಿದರು.

ತಿಂಗಳ ಮೇಲೆ ಬೆಂಗಳೂರಿನಿಂದ ಪರೀಕ್ಷೆಯ ಫಲ ಬಂತು. ಎಂಟುನೂರರದ್ದು ತೂತುತೂತು. ಎಂಟುನೂರೈವತ್ತರದ್ದು ಪರವಾಗಿಲ್ಲ. ಎಲ್ಲಕ್ಕಿಂತ ಗಟ್ಟಿಯಾಗಬೇಕಿದ್ದ ಒಂಬೈನೂರರ ಬಿಲ್ಲೆ ಬಳೆ ಮುರಿದಂತೆ ಪಟ್ಟನೆ ಮುರಿದಿತ್ತು. ಸಾವಿರದ್ದು ಲೆಕ್ಕದಂತೆಯೇ ಮುರಿದಿತ್ತು, ಆದರೆ ಒಂಬೈನೂರರದ್ದಕ್ಕಿಂತ ಒಂಬೈನೂರೈವತ್ತರದ್ದೇ ಮೇಲಾಗಿತ್ತು. ಇದಕ್ಕೆ ತಲೆಯೂ ಇಲ್ಲ ಬಾಲವೂ ಇಲ್ಲ ಎಂದರಂತೆ ಅಲ್ಲಿನ ದೊಡ್ಡವರು. ಪುಡಿ ಸರಿಯಾಗಿ ಬೆರೆತಿಲ್ಲ, ಅಂಥ ಶೆಡ್ಡಿಗೆ ಮುಂದಿನ ಕೆಲಸ ಕೊಡುವುದಿಲ್ಲ ಎಂದೂ ಬರೆದರು.

ಶಿವಮೂರ್ತಪ್ಪ ಕೆಂಡವಾದರು. ವಿಚಾರಣೆ ಎಂದು ಶುರುವಾಗಿದ್ದು ಅರ್ಧ ಗಂಟೆಯಲ್ಲಿ ಮುಗಿಯಿತು. ಕುಲುಮೆಗೆ ರಿಜಿಸ್ಟರಿತ್ತು, ಅದರಲ್ಲಿ ಎಲ್ಲ ಸರಿಯಾಗಿತ್ತು. ಪೀಪಾಯಿಗೆ ರಿಜಿಸ್ಟರಿರಲಿಲ್ಲ. ಬರೆದವನು ಬಚಾವಾದ, ಬರೆಯಲು ಬಾರದವಳು ಸಿಕ್ಕಿಬಿದ್ದಳು. ಕರೆಂಟು ಹೋಗಿದ್ದ ಮೂರು ಗಂಟೆ ಅಂಬಮ್ಮ ಎಲೆಅಡಿಕೆ ಹಾಕಿಕೊಂಡು ಕೂತಿದ್ದಳು ಎಂದು ಕಾಗದದ ಮೇಲೆ ತೀರ್ಮಾನವಾಯಿತು.

ಸಂಘದ ಕಾರ್ಯದರ್ಶಿಯಾಗಿ ಸಣ್ಣಬೀರಪ್ಪ ಅವಳ ಪರವಾಗಿ ಯಜಮಾನರ ಮುಂದೆ ನಿಂತ. ಅವನ ಜೀವನದಲ್ಲಿ ಅದಕ್ಕಿಂತ ನಾಚಿಕೆಗೇಡಿನ ನಿಲುವು ಬೇರೊಂದಿಲ್ಲ.

"ಸಾರ್, ಏನೋ ತಿಳೀದೆ ಆಗೋಗದೆ. ಈ ಒಂದ್ಸಲ ಕ್ಷಮಿಸ್ಬಿಡಿ ಸಾರ್. ಮಕ್ಳೊಂದಿಗಳು."

"ತಪ್ಪೊಪ್ಪಿಗೆ ಬರ್ಕೊಡ್ಲಿ, ನೋಡಣ," ಎಂದರು ಶಿವಮೂರ್ತಪ್ಪ.

ಕಾಗದ ಅವನೇ ಬರೆದ. ಹೆಬ್ಬೆಟ್ಟು ಒತ್ತಿಸಲು ಇಂಕಿನ ಪ್ಯಾಡು ತಂದ. ಅಂಬಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಏನೈತೆ ಅದ್ರಾಗೆ? ಓದು."

ಓದಿದ.

"ತಪ್ಪಾಯ್ತು ಅಂತ ಐತಾ? ನಾನು ಒತ್ತಕಿಲ್ಲ."

"ಅಂಬಕ್ಕ, ಹಟ ಮಾಡ್ಬೇಡ. ಒಂದ್ ಹೆಬ್ಬೆಟ್ಟು, ಕೆಲ್ಸ ಉಳೀತದೆ."

"ಬೀರಣ್ಣ, ನೀನು ನೋಡಿದ್ದೆ. ನಿನ್ ಕಣ್ಣಾಗೇ ನೋಡಿದ್ದೆ ನಾನು ತಿರುಗಿಸ್ತಿದ್ದದ್ದ. ಹೇಳು ಯಜಮಾನ್ರಿಗೆ."

ಶಿವಮೂರ್ತಪ್ಪ ಅವನ ಮುಖ ನೋಡಿದರು. ಸಣ್ಣಬೀರಪ್ಪ ಹೇಳಿದ್ದು ಇಷ್ಟು: "ನಾನು ಹೋದಾಗ ತಿರುಗಿಸ್ತಿದ್ಲು ಸಾರ್. ಪೂರ್ತಿ ಹೊತ್ತು ನಾನು ಅಲ್ಲಿರ್ನಿಲ್ಲ."

ಹೇಳಿದ್ದು ಅಪ್ಪಟ ಸುಳ್ಳೂ ಅಲ್ಲ, ಯಾಕೆಂದರೆ ಮೂರು ಗಂಟೆಯೂ ಅವನು ಅಲ್ಲೇ ನಿಂತಿರಲಿಲ್ಲ. ಹಾಳು ಮಾತು ಎಂದರೆ ಅಂಥದ್ದೇ. ಅವಳು ಪೂರ್ತಿ ತಿರುಗಿಸಿದ್ದಳು ಎಂದು ಗಟ್ಟಿಯಾಗಿ ಹೇಳಿದ್ದರೆ, ಮುಂದಿನ ಪ್ರಶ್ನೆ ಕುಲುಮೆಯ ಕಡೆಗೆ ಬರುತ್ತಿತ್ತು. ಅದು ಅವನಿಗೆ ಗೊತ್ತಿತ್ತು.

ಅಂಬಮ್ಮ ಇಂಕಿನ ಪ್ಯಾಡು ನೋಡಿದಳು, ಅವನನ್ನು ನೋಡಿದಳು, ಎದ್ದು ಹೋದಳು. ಮಾರನೆಯ ದಿನ ಗೇಟಿನಲ್ಲಿ ಅವಳನ್ನು ಒಳಗೆ ಬಿಡಲಿಲ್ಲ. ಆ ಹಂಗಾಮಿಗೇ ತವರಿನ ದಾರಿ ಹಿಡಿದು ಅಮೃತಾಪುರದಲ್ಲಿ ಕಂಡವರ ಗದ್ದೆಯ ಕಳೆ ಕೀಳಲು ನಿಂತಳಂತೆ. ಮಂಜಪ್ಪ ಕಡೂರಿನಲ್ಲಿ ಒಬ್ಬನೇ ಬೇಯಿಸಿಕೊಂಡು ತಿನ್ನುತ್ತಿದ್ದ. ರಸ್ತೆಯಲ್ಲಿ ಸಿಕ್ಕರೆ ಸಣ್ಣಬೀರಪ್ಪನಿಗೆ ಕೈಮುಗಿದು, "ನೀನು ಅವತ್ತು ಅವ್ಳ ಪರ ನಿಂತ್ಕಂಡೆ ಕಣಣ್ಣ, ಮರೆಯಾಕಿಲ್ಲ," ಎನ್ನುತ್ತಿದ್ದ. ಅವನು ಕಂಡರೆ ಸಣ್ಣಬೀರಪ್ಪ ಗಲ್ಲಿ ಹಿಡಿಯತೊಡಗಿದ.

ತನಗೆ ತಾನೇ ಹೇಳಿಕೊಂಡ ಸಬೂಬುಗಳಿಗೆ ಕೊನೆಯಿಲ್ಲ. ಕಾರ್ಯದರ್ಶಿಯ ರಿಜಿಸ್ಟರೇ ಸುಳ್ಳೆಂದು ಗೊತ್ತಾದರೆ ಯಜಮಾನರು ಸಂಘವನ್ನೇ ಮುರಿಯುತ್ತಾರೆ. ಮೂವತ್ತನಾಲ್ಕು ಜನರ ಮುಂದೆ ಒಬ್ಬಳ ಕೆಲಸ ಯಾವ ಲೆಕ್ಕ. ಒಗ್ಗರಣೆ ಎಲ್ಲರೂ ಹಾಕುತ್ತಾರೆ. ನಿಜವಾಗಿಯೂ ಪುಡಿಯೇ ಕೆಟ್ಟಿರಬಹುದು, ಯಾರು ಕಂಡರು. ಈ ಕೊನೆಯದನ್ನು ಅವನು ಬಹಳ ದಿನ ಹಿಡಿದುಕೊಂಡು ನೇತಾಡಿದ. ಆದರೆ ಬಟ್ಟೆ ಸುತ್ತಿದ ಕೈಯಲ್ಲಿ ಪೀಪಾಯಿ ತಿರುಗಿಸುತ್ತಿದ್ದ ಅಂಬಮ್ಮ ಕಣ್ಣ ಮುಂದೆ ಬಂದರೆ ಆ ಸಬೂಬೂ ನಿಲ್ಲುತ್ತಿರಲಿಲ್ಲ.

ಎಂಬತ್ತೈದರಲ್ಲಿ ತುಟ್ಟಿಭತ್ಯೆಗಾಗಿ ಗೇಟ್ ಸಭೆ ನಡೆಯಿತು. ಅವನು ಮೈಕು ಹಿಡಿದು ಎರಡು ಮಾತು ಆಡುವಷ್ಟರಲ್ಲಿ ಹಿಂದಿನಿಂದ ಪುಡಿ ಒತ್ತುವ ಪ್ರೆಸ್ಸಿನ ಲಕ್ಷ್ಮಣಪ್ಪ ಕೂಗಿದ: "ಅಂಬಮ್ಮನ್ ಇಚಾರ ಏನಾಯ್ತಣ್ಣೋ?"

"ಅದು... ಪರಿಶೀಲನೇಲೈತೆ," ಎಂದ ಸಣ್ಣಬೀರಪ್ಪ.

"ಸರ್ಕಾರದೋರ ಥರ ಮಾತಾಡ್ತೀಯಲ್ಲೋ!" ಎಂದ ಲಕ್ಷ್ಮಣಪ್ಪ. ಜನ ನಕ್ಕರು. ಅವನೂ ನಗಬೇಕಾಯಿತು. ಅಂದು ಮನೆಯಲ್ಲಿ ಹೆಂಡತಿ ದ್ಯಾಮಮ್ಮ ತಟ್ಟೆಗೆ ಮುದ್ದೆ ಇಟ್ಟರೆ ಮುರಿಯದೆ ಕೂತ.

"ಯಾಕೆ, ಬೆಂದಿಲ್ವಾ?"

"ಬೆಂದೈತೆ."

"ಮತ್ತೆ? ವರ್ಸ ಆಯ್ತಾ ಬಂತು ನೋಡ್ತಾ ಇವ್ನಿ. ನುಂಗಕೂ ಇಲ್ಲ ಉಗುಳಕೂ ಇಲ್ಲ ನೀನು. ಏನ್ ಮಾಡ್ಕಂಡಿದ್ದೀಯ ಹೇಳು."

ಅವನು ಮುದ್ದೆ ಮುರಿದು ಬಾಯಿಗೆ ಹಾಕಿಕೊಂಡ. ಹೆಂಡತಿಗೆ ಹೇಳದವನು ಇನ್ನಾರಿಗೆ ಹೇಳಿಯಾನು.

ಅದೇ ತಿಂಗಳು ಪಂಚಾಕ್ಷರಪ್ಪ ಮತ್ತೆ ಬಂದ. ಎಲ್ಲೋ ಕಾಡಿಬೇಡಿ ಹೊಸ ಪುಡಿ ತಂದು, ಬೆಂಗಳೂರಿನಲ್ಲೇ ಬೆರೆಸಿ, ಅಲ್ಲೇ ಒಂಬೈನೂರರಲ್ಲಿ ಬೇಯಿಸಿದ್ದ. ಬಿಲ್ಲೆ ಅವನ ಲೆಕ್ಕದಂತೆ ಗಟ್ಟಿಯಾಗಿ ಬಂದಿತ್ತು. ಆಗ ಅನುಮಾನ ಬಂದು ಹಳೆಯ ಮುರಿದ ಚೂರನ್ನು ನಯ ಮಾಡಿ ಮೈಕ್ರೋಸ್ಕೋಪಿನಲ್ಲಿ ಫೋಟೋ ತೆಗೆಸಿದ್ದ. ಕುಲುಮೆಯ ಪಕ್ಕದ ಬೆಂಚಿನ ಮೇಲೆ ಫೋಟೋಗಳನ್ನು ಹರಡಿದ.

"ಇಲ್ಲಿ ನೋಡಿ ಬೀರಪ್ಪ. ಈ ಕಪ್ಪು ಕಾಳೆಲ್ಲ ಸಾಣೆ ಪುಡಿ. ಹೇಗೆ ಹರಡಿದೆ ನೋಡಿ. ಬೆರೆಯದೇ ಇದ್ರೆ ಗುಂಪುಗುಂಪಾಗಿ ಕೂತಿರ್ಬೇಕಿತ್ತು. ನಾನು ಬೆಂಗಳೂರಲ್ಲಿ ಮೆಷೀನಲ್ಲಿ ಬೆರೆಸಿದ್ದಕ್ಕಿಂತ ಚೆನ್ನಾಗಿ ಬೆರ್ಸಿದ್ದಾಳೆ ಆ ಯಮ್ಮ."

ಸಣ್ಣಬೀರಪ್ಪ ನೋಡಿದ. ಸಜ್ಜೆ ಬಿತ್ತಿದ ಹೊಲದ ಹಾಗೆ, ಕಾಳಿನಿಂದ ಕಾಳಿಗೆ ಒಂದೇ ದೂರ.

"ಈಗ ಕಾಳಿನ ಸುತ್ತ ನೋಡಿ. ಒಂದು ಉಂಗುರ ಇದೆಯಲ್ಲ? ಟೈಟೇನಿಯಂ ತಿಂದಿರೋ ಪದರ ಅದು. ಒಂಬೈನೂರಕ್ಕೆ ಇಷ್ಟು ದಪ್ಪ ಬರಲ್ಲ. ಈ ಸಾವಿರದ ಫೋಟೋ ಪಕ್ಕದಲ್ಲಿಟ್ಟು ನೋಡಿ, ಅಣ್ಣತಮ್ಮ ಇದ್ದ ಹಾಗಿವೆ. ಅಂದ್ರೆ ಅವತ್ತು ಕುಲುಮೆ ಸಾವಿರದ ಹತ್ತಿರ ಹೋಗಿತ್ತು." ಅವನು ತಲೆ ಎತ್ತಿದ. "ಮೀಟರ್ ಕೆಟ್ಟಿರ್ಬೇಕು, ಅಲ್ವಾ? ಆ ಹಳೇ ಮೀಟರು ಕಮ್ಮಿ ತೋರಿಸ್ತಿತ್ತೇನೋ. ನೀವು ಹ್ಞೂಂ ಅಂದ್ರೆ ಹಾಗೇ ಬರೆದು ಮುಗಿಸ್ತೀನಿ."

ಹುಡುಗ ಬಾಗಿಲು ತೆಗೆದು ದಾರಿ ಬಿಟ್ಟು ನಿಂತಿದ್ದ. ಹ್ಞೂಂ ಎಂದರೆ ಸಾಕು. ಅಂಬಮ್ಮನ ಹೆಸರೂ ಸರಿಹೋಗುತ್ತದೆ, ತಾನೂ ಉಳಿಯುತ್ತೇನೆ, ತಪ್ಪು ಒಂದು ಮೀಟರಿನ ಮೇಲೆ ಹೋಗುತ್ತದೆ. ಮೀಟರಿಗೆ ಹೆಂಡಿರು ಮಕ್ಕಳಿಲ್ಲ. ಸಣ್ಣಬೀರಪ್ಪನ ಬಾಯಿ ಹ್ಞೂಂ ಎನ್ನಲು ತೆರೆದೂ ಇತ್ತು. ಆದರೆ ಈ ಹನ್ನೊಂದು ತಿಂಗಳೂ ಅವನು ಬದುಕಿದ್ದು ಇಂಥದೇ ಅರೆ ಮಾತುಗಳ ಮೇಲೆ. ಗಂಟಲಿಗೆ ಸಾಕಾಗಿಹೋಗಿತ್ತು.

"ಮೀಟ್ರು ಸರಿಯಾಗೇ ಇತ್ತು ಸಾರ್. ನಾನೇ ಒಗ್ಗರಣೆ ಹಾಕ್ದೆ."

"ಏನ್ ಹಾಕಿದ್ರಿ?"

ಹೇಳಿದ. ಕರೆಂಟು, ರೈಲು, ಸಭೆ, ಗುಂಡಿ ತಿರುಗಿಸಿದ್ದು, ಬರೆದದ್ದು. ಪಂಚಾಕ್ಷರಪ್ಪ ಮೊದಲು ನಕ್ಕ, ತಮಾಷೆ ಎಂದುಕೊಂಡು. ಆಮೇಲೆ ಅವನ ಮುಖ ಬಿಳಿಚಿಕೊಂಡಿತು.

"ಒಂದು ವರ್ಷ ಕಣ್ರೀ! ನನ್ನ ಲೆಕ್ಕಾನೇ ತಪ್ಪು ಅಂತ ಒಂದು ವರ್ಷ ತಲೆ ಕೆಡಿಸ್ಕೊಂಡೆ!"

"ನಿಮ್ದು ತಲೆ ಕೆಡ್ತು ಸಾರ್. ಅವಳ್ದು ಕೆಲ್ಸ ಹೋಯ್ತು."

ಆ ಭಾನುವಾರ ಅವನು ತರೀಕೆರೆಯಲ್ಲಿ ಬಸ್ಸು ಬದಲಿಸಿ ಅಮೃತಾಪುರಕ್ಕೆ ಹೋದ. ಅಂಬಮ್ಮ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು. ಅವನು ಬದುವಿನ ಮೇಲೆ ನಿಂತು ಎಲ್ಲವನ್ನೂ ಹೇಳಿದ. ಅವಳು ಬಗ್ಗಿದವಳು ಮೇಲೆ ಏಳಲಿಲ್ಲ. ಸಾಲು ಮುಗಿಸಿ, ಕಳೆಯ ಕಟ್ಟು ಬದುವಿನ ಮೇಲೆ ಎಸೆದು ನಿಂತಳು.

"ನೀನಂತ ಗೊತ್ತಿರ್ನಿಲ್ಲ. ನಾನಲ್ಲ ಅಂತ ಗೊತ್ತಿತ್ತು."

"ತಪ್ಪಾಯ್ತು ಅಂಬಕ್ಕ."

"ಆ ಕಾಗ್ದದಾಗೂ ಇದೇ ಬರ್ದಿದ್ದೆ ಅಲ್ವಾ, ನನ್ ಬಾಯಾಗೆ ಹೇಳ್ಸಾಕೆ?"

"ಹೂಂ ಕಣಕ್ಕ, ಅದೇ ಬರ್ದಿದ್ದೆ."

"ಬದುವಿನ್ ಮ್ಯಾಲೆ ನಿಂತು ಹೇಳಿದ್ರೆ ಕಪ್ಪೆ ಕೇಳ್ತವೆ ಕಣಣ್ಣ. ಕೆಲ್ಸಗಳ್ಳಿ ಅಂತ ನನ್ನ ತಡ್ದದ್ದು ಗೇಟ್ನಾಗೆ. ಅಲ್ಲಿ ಹೇಳು. ಮೈಕ್ ಹಿಡ್ಕಂಡು ಹೇಳು, ಗಂಟ್ಲು ಹೆಂಗೂ ಚೆನ್ನಾಗೈತೆ. ನಾನೂ ಬತ್ತೀನಿ ಕೇಳಾಕೆ."

ಸೋಮವಾರ ಗೇಟಿನಲ್ಲಿ ಹೇಳಿದ. ಅಂಬಮ್ಮ ಮುಂದಿನ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು ಕೇಳಿದಳು. ಯಾರೂ ಶಿಳ್ಳೆ ಹಾಕಲಿಲ್ಲ. ಮಂಜಪ್ಪನೂ ಬಂದಿದ್ದ, ಮಾತು ಮುಗಿದ ಮೇಲೆ ನೆಲಕ್ಕೆ ಉಗಿದು ಹೋದ. ಸಣ್ಣಬೀರಪ್ಪ ಕಾರ್ಯದರ್ಶಿ ಸ್ಥಾನ ಬಿಟ್ಟ. ಪಂಚಾಕ್ಷರಪ್ಪ ಬೆಂಗಳೂರಿಗೆ ಇದ್ದದ್ದನ್ನು ಇದ್ದಂತೆ ಬರೆದ.

ಎರಡು ದಿನ ಬಿಟ್ಟು ಶಿವಮೂರ್ತಪ್ಪ ಎರಡು ಆರ್ಡರು ಹೊರಡಿಸಿದರು. ಅಂಬಮ್ಮನನ್ನು ವಾಪಸ್ಸು ಕರೆಸಿಕೊಂಡರು, ಆದರೆ ಹೊಸಬಳೆಂದು. ಹಿಂದಿನ ಐದು ವರ್ಷದ ಸರ್ವೀಸು ಇಲ್ಲ, ಹನ್ನೊಂದು ತಿಂಗಳ ಸಂಬಳದ ಮಾತೂ ಇಲ್ಲ. ಸಣ್ಣಬೀರಪ್ಪನಿಗೆ ಸುಳ್ಳು ರಿಜಿಸ್ಟರು ಬರೆದದ್ದಕ್ಕೆ ಮೂರು ದಿನ ಸಸ್ಪೆಂಡು.

ಅವನು ಆರ್ಡರು ಹಿಡಿದು ಒಳಗೆ ಹೋದ. "ಮೂರೇ ದಿನಾನಾ ಸಾರ್?"

"ಮತ್ತೇನು, ಗಲ್ಲಿಗೆ ಹಾಕ್ಲಾ?"

"ಅವ್ಳು ಏನೂ ಮಾಡ್ದಿದ್ರೂ ತೆಗೆದಾಕಿದ್ರಿ. ಮಾಡಿದ್ದು ನಾನು. ನನ್ನೂ ತೆಗೀರಿ."

"ಲೇ ಬೀರಪ್ಪ, ಪೀಪಾಯಿ ತಿರುಗ್ಸೋರು ಬೀದಿಗೆ ಹತ್ತು ಜನ ಸಿಗ್ತಾರೆ. ಬಣ್ಣ ನೋಡಿ ಶಾಖ ಹೇಳೋನು ಈ ತಾಲೂಕಲ್ಲಿ ನೀನೊಬ್ನೇ. ನೀನು ಪಾಪ ತೊಳ್ಕೊಳ್ಳೋಕೆ ನನ್ನ ಫ್ಯಾಕ್ಟ್ರಿ ನಿಲ್ಲಿಸ್ಲೇನೋ? ಮೂರು ದಿನ ಕಳೆದು ಬಂದ್ಬಿಡು."

ಹೊರಗೆ ಬಂದರೆ ಅಂಬಮ್ಮ ಗೇಟಿನಲ್ಲಿ ಹೊಸ ಹಾಜರಿ ಚೀಟಿಗೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಇಂಕನ್ನು ಗೋಡೆಗೆ ಒರೆಸಿಕೊಂಡಳು.

"ನಿಂಗೆಷ್ಟು ದಿನ ಕೊಟ್ರು ಬೀರಣ್ಣ?"

"ಮೂರು."

"ಮೂರು," ಎಂದಳು ಅವಳು. ಬುತ್ತಿಯ ಗಂಟು ಎತ್ತಿಕೊಂಡು ಒಳಗೆ ಹೋದಳು. ಕಾವಲುಗಾರ ಗೇಟು ಎಳೆದ.

ಆ ಮೂರು ದಿನವೂ ಸಣ್ಣಬೀರಪ್ಪ ಬೆಳಗಿನ ಪ್ಯಾಸೆಂಜರಿಗೇ ಕಡೂರಿಗೆ ಬಂದು, ಶೆಡ್ಡಿನ ಎದುರಿನ ರಸ್ತೆಯಂಚಿನಲ್ಲಿ ಸಂಜೆಯವರೆಗೆ ಕೂತು ಹೋದ. ಯಾಕೆ ಎಂದು ಕೇಳಿದವರಿಗೆ, "ಮೂರು ದಿನ ಸಾಲ್ದು," ಎನ್ನುತ್ತಿದ್ದ. ನಾಲ್ಕನೆಯ ದಿನವೂ ಹಾಗೆಯೇ ಹೋಗಿ ಕೂತ. ಹನ್ನೊಂದು ಗಂಟೆಗೆ ಶಿವಮೂರ್ತಪ್ಪ ಆಳು ಕಳಿಸಿ ಒಳಗೆ ಕರೆಸಿಕೊಂಡರು. ಕುಲುಮೆಗೆ ಬೇರೆ ಯಾರೂ ಇರಲಿಲ್ಲ, ಎದ್ದು ಹೋದ.